ಹಲ್ಲು ಎಣಿಸಿ, ನಂಬರ್ ಆಮೇಲೆ ನೋಡಿ

ದನಗಳ ಜಾತ್ರೆಗೆ ಎತ್ತು ಕೊಳ್ಳಲು ಹೋದ ರೈತ ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ಗೊತ್ತಾದ ಮೇಲೆಯೇ ಟವೆಲ್ಲಿನ ಅಡಿ ಬೆರಳು ಹಿಡಿದು ವ್ಯಾಪಾರಕ್ಕೆ ಇಳಿಯುತ್ತಾನೆ. ಮಾರುವವನು ಕೊಂಬು ಹೆರೆದು ಎಣ್ಣೆ ಹಚ್ಚಿರಲಿ, ಕೊರಳಿಗೆ ಹೊಸ ಗೆಜ್ಜೆ ಕಟ್ಟಿರಲಿ, ಎತ್ತಿನ ತಾಯಿ ಯಾವ ಗೌಡರ ಹಟ್ಟಿಯದು ಎಂದು ಕಥೆ ಹೇಳಲಿ, ಹಲ್ಲು ನೋಡದೆ ಅವನ ಗಂಟು ಬಿಚ್ಚುವುದಿಲ್ಲ.

ಹಳೆಯ ಸ್ಪೋರ್ಟ್ಸ್ ಕಾರುಗಳ ಜಾತ್ರೆಯಲ್ಲಿ ಈ ಬುದ್ಧಿ ತಲೆಕೆಳಗಾಗಿದೆ. ಅಮೆರಿಕದ ಹರಾಜು ಕಟ್ಟೆಗೆ 1960ರ ದಶಕದ ಒಂದು ಷೆವರ್ಲೆ ಕಾರ್ವೆಟ್ ಬಂದು ನಿಂತರೆ ಕೊಳ್ಳುವವರ ಬಾಯಲ್ಲಿ ಬರುವ ಮೊದಲ ಪ್ರಶ್ನೆ 'ನಂಬರ್ಸ್ ಮ್ಯಾಚಿಂಗಾ?' ಎಂಬುದು. ಕಾರಿನ ಸಂಖ್ಯೆ, ಎಂಜಿನ್ ಮೇಲಿನ ಸಂಖ್ಯೆ, ಗೇರ್‌ಬಾಕ್ಸ್ ಮೇಲಿನ ಸಂಖ್ಯೆ ಮೂರೂ ತಾಳೆಯಾದರೆ ಒಂದು ಬೆಲೆ, ಆಗದಿದ್ದರೆ ಇನ್ನೊಂದು. ಗೇರ್‌ಬಾಕ್ಸ್ ಒಳಗೆ ಏನಿದೆ, ಯಾವ ಗೇರಿಗೆ ಎಷ್ಟು ಹಲ್ಲು ಎಂದು ಕೇಳುವವರು ಕಡಿಮೆ. ಕೇಳಿದರೂ ಕಾರಿನ ಅಡಿ ತೂರಿ ನೋಡುವವರು ಇನ್ನೂ ಕಡಿಮೆ. ಕನ್ನಡದಲ್ಲಿ ಎತ್ತಿಗೂ ಹಲ್ಲು, ಗೇರಿಗೂ ಹಲ್ಲು. ಅಷ್ಟು ಸುಳುಹು ನಮ್ಮ ಭಾಷೆಯಲ್ಲೇ ಇದೆ.

ನಮ್ಮ ವಾದ ಇಷ್ಟೇ. ಹಳೆಯ ಕಾರಿನ ಮ್ಯಾನುಯಲ್ ಗೇರ್‌ಬಾಕ್ಸ್ ಯಾವುದು ಎಂದು ತಿಳಿಯಬೇಕಾದರೆ ಮೊದಲು ಲೋಹವನ್ನು ಕೇಳಬೇಕು, ಅಚ್ಚೊತ್ತಿದ ನಂಬರನ್ನು ಆಮೇಲೆ. ಈ ಕ್ರಮ ತಿರುವುಮುರುವಾದಲ್ಲೆಲ್ಲ ಮೋಸಕ್ಕೆ ಬಾಗಿಲು ತೆರೆದಿದೆ. ಆ ಬಾಗಿಲು ಕಾಯುತ್ತಿರುವವರಲ್ಲಿ ನಮ್ಮ ಜಾತಿಯವರೂ, ಅಂದರೆ ಬರೆಯುವವರೂ ಇದ್ದಾರೆ.

ಒಂದು ಊರು, ಎರಡು ಕಾರ್ಖಾನೆ

ಸಮಾಜಶಾಸ್ತ್ರ ಓದಿದವರಿಗೆ ಮನ್ಸಿ ಎಂಬ ಊರು ಗೊತ್ತಿರುತ್ತದೆ. ಅಮೆರಿಕದ ಇಂಡಿಯಾನಾ ರಾಜ್ಯದ ಈ ಊರನ್ನೇ ಅಧ್ಯಯನ ಮಾಡಿ ರಾಬರ್ಟ್ ಲಿಂಡ್ ಮತ್ತು ಹೆಲೆನ್ ಲಿಂಡ್ ದಂಪತಿ 1929ರಲ್ಲಿ 'ಮಿಡಲ್‌ಟೌನ್' ಪುಸ್ತಕ ತಂದರು. ಊರಿನ ಹೆಸರು ಮರೆಮಾಚಿ, 'ನಡುವಿನ ಊರು' ಎಂದು ಕರೆದರು. ಕಾರಿನ ಹುಚ್ಚಿರುವವರಿಗೆ ಅದೇ ಊರು ಇನ್ನೊಂದು ಕಾರಣಕ್ಕೆ ಗೊತ್ತು. ಬೋರ್ಗ್-ವಾರ್ನರ್ ಕಂಪನಿಯ ವಾರ್ನರ್ ಗೇರ್ ಕಾರ್ಖಾನೆ ಅಲ್ಲಿತ್ತು. ಜನರಲ್ ಮೋಟಾರ್ಸ್‌ನ ಗೇರ್‌ಬಾಕ್ಸ್ ಕಾರ್ಖಾನೆಯೂ ಅಲ್ಲಿತ್ತು.

1957ರಲ್ಲಿ ಕಾರ್ವೆಟ್‌ಗೆ ಮೊದಲ ಸಲ ನಾಲ್ಕು ಗೇರ್ ಬಂದದ್ದು ಬೋರ್ಗ್-ವಾರ್ನರ್‌ನ ಟಿ-10ರಿಂದ. 1963ರಲ್ಲಿ ಅದರ ಜಾಗಕ್ಕೆ ಜನರಲ್ ಮೋಟಾರ್ಸ್ ತನ್ನದೇ ನಾಲ್ಕು ಗೇರಿನ ಪೆಟ್ಟಿಗೆ ತಂದಿತು. ಊರಿನ ಹೆಸರೇ ಅದಕ್ಕೆ ಅಂಟಿಕೊಂಡು 'ಮನ್ಸಿ' ಆಯಿತು. 1974ರವರೆಗೆ ಕಾರ್ವೆಟ್, ಕಮಾರೊ, ಷೆವೆಲ್ ಮೊದಲಾದ ಕಾರುಗಳಲ್ಲಿ ಅದು ಓಡಿತು.

ಮನ್ಸಿಯಲ್ಲಿ ಮೂರು ಬಗೆ. ಎಂ20 ಎಂಬುದು ಅಗಲ ಅನುಪಾತದ್ದು. ಅದರ ಮೊದಲ ಗೇರ್ 1965ರವರೆಗೆ 2.56 ಇತ್ತು, 1966ರಿಂದ 2.52 ಆಯಿತು. ಎಂ21 ಎಂಬುದು ಹತ್ತಿರದ ಅನುಪಾತದ್ದು, ಮೊದಲ ಗೇರ್ 2.20. ಮೂರನೆಯದು ಎಂ22. ಅದರ ಅನುಪಾತವೂ 2.20, ಆದರೆ ಗೇರುಗಳ ಹಲ್ಲಿನ ಓರೆ ಕಡಿಮೆ, ನೇರಕ್ಕೆ ಹತ್ತಿರ. ಹೆಚ್ಚು ಶಕ್ತಿಯ ಎಂಜಿನ್ನಿಗೆ ತಡೆಯಲೆಂದು ಹಾಗೆ ಮಾಡಿದ್ದು. ಓರೆ ಕಡಿಮೆಯಾದ್ದರಿಂದ ಓಡುವಾಗ ಗೊಂಯ್ ಎಂದು ಸದ್ದು ಮಾಡುತ್ತದೆ. ಆ ಸದ್ದಿಗೇ ಜನ ಅದನ್ನು 'ರಾಕ್ ಕ್ರಷರ್', ಕಲ್ಲು ಪುಡಿ ಮಾಡುವ ಯಂತ್ರ ಎಂದು ಕರೆದರು. ತಯಾರಾದದ್ದು ಕಡಿಮೆ, ಹೆಸರು ದೊಡ್ಡದು. ಕಡಿಮೆ ಇದ್ದು ಹೆಸರು ದೊಡ್ಡದಾದ ಯಾವುದೇ ವಸ್ತುವಿಗೆ ಏನಾಗುತ್ತದೆಯೋ ಇದಕ್ಕೂ ಅದೇ ಆಯಿತು. ಬೆಲೆ ಏರಿತು. ಬೆಲೆಯ ಹಿಂದೆಯೇ ನಕಲಿಯೂ ಬಂತು.

ನಂಬರ್ ಏನು ಹೇಳುತ್ತದೆ

ನಂಬರ್ ಕೆಲಸಕ್ಕೆ ಬಾರದ್ದು ಎಂದು ನಾವು ಹೇಳುತ್ತಿಲ್ಲ. ಮನ್ಸಿ ಪೆಟ್ಟಿಗೆಯ ಅಲ್ಯೂಮಿನಿಯಂ ಮೈಮೇಲೆ ಎರಕದ ಸಂಖ್ಯೆ ಇರುತ್ತದೆ. 1963ರದ್ದು 3831704. 1964 ಮತ್ತು 65ರದ್ದು 3851325. 1966 ಮತ್ತು 67ರದ್ದು 3885010. 1968ರಿಂದ 3925660, ಕೊನೆಯ ವರ್ಷಗಳಲ್ಲಿ 3925661. ಈ ಸಂಖ್ಯೆ ಎರಕದ ಅಚ್ಚಿನಲ್ಲೇ ಉಬ್ಬಿ ಬಂದದ್ದು. ಅದನ್ನು ಬದಲಿಸುವುದು ಸುಲಭವಲ್ಲ. ಆದರೆ ಅದು ಹೇಳುವುದು ಪೆಟ್ಟಿಗೆಯ ಕಾಲವನ್ನು ಮಾತ್ರ. ಒಳಗಿರುವುದು ಎಂ20ಯೋ ಎಂ22ಓ ಎಂದು ಅದು ಹೇಳುವುದಿಲ್ಲ.

ಎರಡನೆಯದು ಪಂಚ್ ಹೊಡೆದ ಸಂಖ್ಯೆ. ಉದಾಹರಣೆಗೆ 'ಪಿ 9 ಬಿ 04 ಬಿ' ಎಂದಿದೆ ಎನ್ನಿ. ಪಿ ಎಂದರೆ ಮನ್ಸಿ ಕಾರ್ಖಾನೆ, 9 ಎಂದರೆ 1969, ಬಿ ಎಂದರೆ ಫೆಬ್ರವರಿ, 04 ಎಂದರೆ ನಾಲ್ಕನೇ ತಾರೀಕು. ಕೊನೆಯ ಅಕ್ಷರ 1969ರಿಂದ ಸೇರಿದ್ದು: ಎ ಇದ್ದರೆ ಎಂ20, ಬಿ ಇದ್ದರೆ ಎಂ21, ಸಿ ಇದ್ದರೆ ಎಂ22. ಇದರ ಜೊತೆಗೆ ಕಾರಿನ ಸಂಖ್ಯೆಯ ಒಂದು ಭಾಗವನ್ನೂ ಪೆಟ್ಟಿಗೆಯ ಮೇಲೆ ಹೊಡೆಯುತ್ತಿದ್ದರು. 'ಮ್ಯಾಚಿಂಗ್' ಎಂದು ಎಲ್ಲರೂ ಹುಡುಕುವುದು ಇದನ್ನೇ.

ಈಗ ನೋಡಿ. ಬಿ ಮತ್ತು ಸಿ ನಡುವೆ ಎಷ್ಟು ಅಂತರ? ಒಂದು ಪಂಚಿನ ಅಂತರ. ಅಲ್ಯೂಮಿನಿಯಂ ಮೆತ್ತಗಿನ ಲೋಹ. ಒಂದು ಗ್ರೈಂಡರ್, ಅಕ್ಷರದ ಪಂಚುಗಳ ಒಂದು ಸೆಟ್, ಒಂದು ಸುತ್ತಿಗೆ ಸಾಕು. ಮಧ್ಯಾಹ್ನದ ಊಟದೊಳಗೆ ಎಂ21 ಒಂದು ಎಂ22 ಆಗುತ್ತದೆ, ಯಾವುದೋ ಕಮಾರೊದ ಪೆಟ್ಟಿಗೆ ನಿಮ್ಮ ಕಾರ್ವೆಟ್‌ನ 'ಹುಟ್ಟು ಪೆಟ್ಟಿಗೆ' ಆಗುತ್ತದೆ. ಈ ಕೆಲಸಕ್ಕೆ ಮಾರುಕಟ್ಟೆ ಇಟ್ಟಿರುವ ಮರ್ಯಾದೆಯ ಹೆಸರು 'ರೀಸ್ಟ್ಯಾಂಪ್'. ನಮ್ಮ ಕಡೆ ಹಳೆಯ ದಿನಾಂಕ ಹಾಕಿ ಕ್ರಯಪತ್ರ ಬರೆಸಿದರೆ ಅದಕ್ಕೆ ಇಂಥ ಮೃದುವಾದ ಹೆಸರು ಇಲ್ಲ. ಖೋಟಾ ದಸ್ತಾವೇಜು ಎನ್ನುತ್ತೇವೆ.

ಫೋರ್ಡ್ ಕಡೆಯ ಕಥೆ ಇನ್ನೂ ಸಲೀಸು. ಮಸ್ಟಾಂಗ್ ಮೊದಲಾದ ಕಾರುಗಳಲ್ಲಿ ಬಂದ 'ಟಾಪ್‌ಲೋಡರ್' ಪೆಟ್ಟಿಗೆಯ ಗುರುತು 'ಆರ್‌ಯುಜಿ' ಎಂಬ ಅಕ್ಷರಗಳಿಂದ ಶುರುವಾಗುವ ಒಂದು ತಗಡಿನ ಬಿಲ್ಲೆ. ಆ ಬಿಲ್ಲೆಯನ್ನು ಹಿಡಿದಿಟ್ಟಿರುವುದು ಒಂದು ಬೋಲ್ಟು. ಒಂದು ಸ್ಪ್ಯಾನರ್ ಇದ್ದರೆ ಗುರುತು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸಂಸಾರ ಬದಲಿಸುತ್ತದೆ.

ಇನ್ನು ಗೇರ್ ಲಿವರಿನ ನಾಬ್. ಅದರ ಮೇಲೆ ಕೊರೆದ ಗೇರುಗಳ ನಕ್ಷೆ ನೋಡಿ 'ಇದು ನಾಲ್ಕು ಗೇರಿನದು' ಎಂದು ಬರೆಯುವವರಿಗೆ ಏನು ಹೇಳೋಣ? ನಾಬ್ ಕೈಯಲ್ಲಿ ತಿರುಗಿಸಿದರೆ ಬಿಚ್ಚಿ ಬರುತ್ತದೆ ಮಾರಾಯ್ರೆ.

ಲೋಹವನ್ನು ಕೇಳುವ ಬಗೆ

ಹಾಗಾದರೆ ಏನು ಮಾಡಬೇಕು? ಕಾರಿನ ಅಡಿ ಹೋಗಬೇಕು. ಟಾರ್ಚು, ಒಂದು ಅಯಸ್ಕಾಂತ, ಒಂದು ಸೀಮೆಸುಣ್ಣ ಬೇಕು. ಗುಣಾಕಾರ ಬಂದರೆ ಸಾಕು.

ಮೊದಲು ಮುಚ್ಚಳದ ಬೋಲ್ಟು ಎಣಿಸಿ. ಪೆಟ್ಟಿಗೆಯ ಪಕ್ಕದ ಮುಚ್ಚಳದಲ್ಲಿ ಒಂಬತ್ತು ಬೋಲ್ಟಿದ್ದರೆ ಅದು ಬೋರ್ಗ್-ವಾರ್ನರ್ ಟಿ-10. ಏಳಿದ್ದರೆ ಮನ್ಸಿ ಇರಬಹುದು, ಸ್ಯಾಗಿನಾ ಇರಬಹುದು. ಸ್ಯಾಗಿನಾ ಎಂಬುದು ಜನರಲ್ ಮೋಟಾರ್ಸ್ ಕಡಿಮೆ ಶಕ್ತಿಯ ಎಂಜಿನ್‌ಗಳಿಗೆ ಹಾಕುತ್ತಿದ್ದ ಪೆಟ್ಟಿಗೆ. ಇವೆರಡನ್ನು ಬೇರೆ ಮಾಡುವುದು ಸುಲಭ. ಸ್ಯಾಗಿನಾದ ಮೂರೂ ಲಿವರುಗಳು ಪಕ್ಕದ ಮುಚ್ಚಳದ ಮೇಲೇ ಇರುತ್ತವೆ. ಮನ್ಸಿಯಲ್ಲಿ ಎರಡು ಮಾತ್ರ ಮುಚ್ಚಳದ ಮೇಲೆ, ರಿವರ್ಸಿನ ಲಿವರ್ ಹಿಂದಿನ ಬಾಲದ ಭಾಗದಲ್ಲಿ. ಸಾಲದ್ದಕ್ಕೆ ಅಯಸ್ಕಾಂತ ಹಿಡಿಯಿರಿ. ಸ್ಯಾಗಿನಾ ಬೀಡುಕಬ್ಬಿಣ, ಹಿಡಿದುಕೊಳ್ಳುತ್ತದೆ. ಮನ್ಸಿ ಅಲ್ಯೂಮಿನಿಯಂ, ಹಿಡಿಯುವುದಿಲ್ಲ. ಕಬ್ಬಿಣಕ್ಕೆ ಬೆಳ್ಳಿ ಬಣ್ಣ ಬಳಿದು ತೆಗೆದ ಫೋಟೋ ಯಾರನ್ನಾದರೂ ಏಮಾರಿಸಬಹುದು, ಅಯಸ್ಕಾಂತವನ್ನು ಏಮಾರಿಸಲಾರದು. ಪಕ್ಕದಲ್ಲಿ ಮುಚ್ಚಳವೇ ಇಲ್ಲದೆ ಮೇಲ್ಗಡೆ ಹತ್ತು ಬೋಲ್ಟಿನ ಮುಚ್ಚಳವಿದ್ದರೆ ಅದು ಫೋರ್ಡಿನ ಟಾಪ್‌ಲೋಡರ್. ಹೆಸರೇ ಅದನ್ನು ಹೇಳುತ್ತದೆ.

ಎರಡನೆಯದು ಸೀಮೆಸುಣ್ಣದ ಪರೀಕ್ಷೆ. ಕಾರನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಎರಡೂ ಚಕ್ರ ನೆಲ ಬಿಟ್ಟಿರಲಿ. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ತಲೆ ಹಾಕಬೇಡಿ. ಬ್ಯಾಟರಿ ತಂತಿ ಬಿಚ್ಚಿ, ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆಯಿರಿ. ಮೊದಲ ಗೇರಿಗೆ ಹಾಕಿ. ಎಂಜಿನ್ನಿನ ಮುಂದಿನ ಪುಲ್ಲಿಗೆ ಒಂದು ಗೆರೆ, ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟಿಗೆ ಒಂದು ಗೆರೆ ಎಳೆಯಿರಿ. ಒಬ್ಬರು ಸ್ಪ್ಯಾನರಿನಿಂದ ಎಂಜಿನ್ ತಿರುಗಿಸಲಿ, ಇನ್ನೊಬ್ಬರು ಶಾಫ್ಟ್ ಎಣಿಸಲಿ. ಶಾಫ್ಟ್ ಹತ್ತು ಸುತ್ತು ಮುಗಿಸುವಷ್ಟರಲ್ಲಿ ಎಂಜಿನ್ 22 ಸುತ್ತು ತಿರುಗಿದ್ದರೆ ನಿಮ್ಮ ಎದುರಿಗಿರುವುದು 2.20ರ ಪೆಟ್ಟಿಗೆ. 25 ದಾಟಿದ್ದರೆ ಎಂ20. ಫೋರ್ಡಿನ ಟಾಪ್‌ಲೋಡರಿನಲ್ಲಿ ಹತ್ತಿರದ ಅನುಪಾತದ್ದಾದರೆ 23ರ ಮೇಲೆ ಸ್ವಲ್ಪ, ಅಗಲದ್ದಾದರೆ 28ರ ಹತ್ತಿರ. ಚಕ್ರದ ಸುತ್ತು ಎಣಿಸಬೇಡಿ. ನಡುವೆ ಡಿಫರೆನ್ಷಿಯಲ್ ಕೂತು ಲೆಕ್ಕ ಕೆಡಿಸುತ್ತದೆ.

ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ನಂಬರನ್ನು ಎಷ್ಟು ಸಲ ತಿದ್ದಿದ್ದರೂ ಫಲಿತಾಂಶ ಬದಲಾಗುವುದಿಲ್ಲ. ಮೋಸಗಾರ ಇದನ್ನು ಗೆಲ್ಲಬೇಕಾದರೆ ಒಳಗಿನ ಗೇರುಗಳನ್ನೇ ಬದಲಿಸಬೇಕು. ಬದಲಿಸಿದನೆನ್ನಿ, ಆಗ ಅವನು ಹೇಳಿದ ಅನುಪಾತವೇ ನಿಮಗೆ ಸಿಕ್ಕಂತಾಯಿತಲ್ಲ.

ಮೂರನೆಯದು ಹಲ್ಲು. ಪೆಟ್ಟಿಗೆ ಹೊರಗೆ ಬಂದಿದ್ದರೆ ಪಕ್ಕದ ಮುಚ್ಚಳದ ಏಳು ಬೋಲ್ಟು ತೆಗೆದು ಒಳಗೆ ನೋಡಿ. 1966ರಿಂದೀಚಿನ ಎಂ20ಯಲ್ಲಿ ಎಂಜಿನ್ ಕಡೆಯಿಂದ ಬರುವ ಇನ್‌ಪುಟ್ ಗೇರಿಗೆ 21 ಹಲ್ಲು, ಅದು ತಿರುಗಿಸುವ ಕೆಳಗಿನ ಗೇರಿಗೆ 25. ಎಂ21 ಮತ್ತು ಎಂ22ರಲ್ಲಿ ಇನ್‌ಪುಟ್ ಗೇರಿಗೆ 26, ಕೆಳಗಿನದಕ್ಕೆ 27. ಮೊದಲ ಗೇರಿನ ಜೋಡಿ 36 ಮತ್ತು 17. ಲೆಕ್ಕ ಹಾಕಿ: 25ನ್ನು 21ರಿಂದ ಭಾಗಿಸಿ, 36ನ್ನು 17ರಿಂದ ಭಾಗಿಸಿ, ಎರಡನ್ನೂ ಗುಣಿಸಿದರೆ 2.52. 27ನ್ನು 26ರಿಂದ ಭಾಗಿಸಿ ಹಾಗೆಯೇ ಗುಣಿಸಿದರೆ 2.20. ಏಳನೇ ತರಗತಿಯ ಹುಡುಗಿ ಮಾಡುವ ಲೆಕ್ಕ ಇದು. ಕೋಟಿ ಲೆಕ್ಕದಲ್ಲಿ ಹರಾಜು ಕೂಗುವವರಿಗೆ ಬೇಡವಾಗಿದೆ.

ಇನ್‌ಪುಟ್ ಶಾಫ್ಟಿನ ಮೇಲೆ ಸುತ್ತಲೂ ಕೊರೆದ ಗೀರುಗಳ ವಿಚಾರವನ್ನೂ ಹೇಳಿಬಿಡೋಣ, ಏಕೆಂದರೆ ಎಲ್ಲರೂ ಅದನ್ನು ವೇದವಾಕ್ಯದಂತೆ ಹೇಳುತ್ತಾರೆ. ಎರಡು ಗೀರಿದ್ದರೆ ಎಂ20, ಒಂದಿದ್ದರೆ ಎಂ21, ಇಲ್ಲದಿದ್ದರೆ ಎಂ22. ಇದು 1966ರ ನಂತರದ ಪೆಟ್ಟಿಗೆಗಳ ಮಾತು, ಮೊದಲಿನವಕ್ಕೆ ಹಾಗೇ ಅನ್ವಯಿಸುವುದಿಲ್ಲ. ಎಂ22ಕ್ಕೆ ಗೀರು 'ಇಲ್ಲ' ಎಂಬುದೇ ಗುರುತಾದರೆ, ಗೀರಿಲ್ಲದ ಬೇರೆ ಯಾವ ಶಾಫ್ಟ್ ಹಾಕಿದರೂ ಅದು ಎಂ22 ಎನಿಸಿಕೊಳ್ಳುತ್ತದೆ. ಇಲ್ಲದಿರುವುದನ್ನು ಸಾಕ್ಷಿ ಮಾಡಿಕೊಂಡವರ ಗತಿ ಇದು.

ಎರಡು ಪ್ರಶ್ನೆ, ಒಂದೇ ಉತ್ತರ ಅಲ್ಲ

ಸೀಮೆಸುಣ್ಣದ ಪರೀಕ್ಷೆಗೂ ಮಿತಿ ಇದೆ. ಎಂ21 ಮತ್ತು ಎಂ22 ಎರಡರ ಲೆಕ್ಕವೂ 22 ಸುತ್ತೇ. ಇವನ್ನು ಬೇರೆ ಮಾಡಲು ಮುಚ್ಚಳ ತೆಗೆದು ಹಲ್ಲಿನ ಓರೆ ನೋಡಬೇಕು. ಅದೂ ಸಾಲದು. ಎಂ22ರ ಗೇರುಗಳು ಇಂದು ಹೊಸದಾಗಿಯೇ ತಯಾರಾಗುತ್ತವೆ, ಮನ್ಸಿ ಮಾದರಿಯ ಹೊಸ ಪೆಟ್ಟಿಗೆಗಳೂ ಸಿಗುತ್ತವೆ. ಒಳಗಿರುವುದು ನಿಜಕ್ಕೂ ಎಂ22ರ ಗೇರೇ ಆಗಿದ್ದರೂ ಅದು 1969ರಲ್ಲಿ ಮನ್ಸಿಯಲ್ಲಿ ಕೂಡಿಸಿದ್ದು ಎಂದೇನೂ ಅಲ್ಲ.

ಇಲ್ಲಿಯೇ ನಮ್ಮ ತಕರಾರಿನ ತಿರುಳು ಇರುವುದು. ಹಳೆಯ ಗೇರ್‌ಬಾಕ್ಸಿನ ಬಗ್ಗೆ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಒಂದು, ಇದು ಯಾವ ಪೆಟ್ಟಿಗೆ? ಇನ್ನೊಂದು, ಇದು ಈ ಕಾರಿನ ಜೊತೆಗೇ ಹುಟ್ಟಿದ್ದೋ? ಮೊದಲ ಪ್ರಶ್ನೆಗೆ ಲೋಹ ಉತ್ತರ ಕೊಡುತ್ತದೆ, ಯಾರು ಬೇಕಾದರೂ ಮತ್ತೆ ಮತ್ತೆ ಪರೀಕ್ಷಿಸಬಹುದು. ಎರಡನೆಯದಕ್ಕೆ ಉತ್ತರ ಸಿಗುವುದು ಕಾಗದ, ಅಚ್ಚು ಮತ್ತು ಮನುಷ್ಯರ ಮಾತಿನಿಂದ. ಅಲ್ಲಿ ನಂಬಿಕೆ ಬೇಕು. ಮಾರುಕಟ್ಟೆ ಎರಡನೆಯ ಪ್ರಶ್ನೆಯನ್ನು ಮಾತ್ರ ಕೇಳಿ, ಅದರ ಉತ್ತರವನ್ನೇ ಮೊದಲನೆಯದಕ್ಕೂ ಅಂಟಿಸುತ್ತದೆ. 'ಸಿ ಎಂದು ಅಚ್ಚಿದೆ, ಆದ್ದರಿಂದ ಒಳಗೆ ಎಂ22 ಇದೆ' ಎನ್ನುತ್ತದೆ. ಜಾತಕ ನೋಡಿ ಗಂಡಿನ ಆರೋಗ್ಯ ನಿರ್ಧರಿಸಿದ ಹಾಗೆ.

ಈ ತಪ್ಪಿಗೆ ದಂಡ ತೆರುವವರು ಯಾರು? ಹರಾಜು ಕೂಗಿದವರಲ್ಲ. ಪೆಟ್ಟಿಗೆಯ ಜಾತಿ ತಪ್ಪಿದರೆ ಕ್ಲಚ್ ಪ್ಲೇಟೇ ಕೂರುವುದಿಲ್ಲ. ಹಳೆಯ ಮನ್ಸಿಗಳ ಇನ್‌ಪುಟ್ ಶಾಫ್ಟಿಗೆ 10 ಸ್ಪ್ಲೈನ್, 1971ರಿಂದೀಚಿನವಕ್ಕೆ 26. ಕೂತರೂ ಓಟ ಕೆಡುತ್ತದೆ. ಹಿಂದಿನ ಆಕ್ಸಲ್ 3.08 ಇರುವ ಕಾರಿಗೆ ಎಂ20 ಹಾಕಿದರೆ ಮೊದಲ ಗೇರಿನ ಒಟ್ಟು ಅನುಪಾತ 7.76. ಅದೇ ಕಾರಿಗೆ ಎಂ21 ಹಾಕಿದರೆ 6.78. ಅಂದರೆ ನಿಂತಲ್ಲಿಂದ ಹೊರಡುವಾಗಲೆಲ್ಲ ಎಂಜಿನ್ ಒದ್ದಾಡುತ್ತದೆ, ಡ್ರೈವರ್ ಕ್ಲಚ್ ಜಾರಿಸುತ್ತಾನೆ, ಪ್ಲೇಟು ಸುಡುತ್ತದೆ. ಎಂ21ಕ್ಕೆ 3.70ರಂಥ ಆಕ್ಸಲ್ ಜೊತೆಯಾದರೆ 8.14 ಬರುತ್ತದೆ, ಆಗ ಅದರ ಗುಣ ತಿಳಿಯುತ್ತದೆ. ಹೆಸರಿಗೆ ಮರುಳಾಗಿ ಪೆಟ್ಟಿಗೆ ಕೊಂಡವರಿಗೆ ಈ ಗುಣಾಕಾರ ರಿಪೇರಿ ಬಿಲ್ಲಿನಲ್ಲಿ ಕಾಣುತ್ತದೆ.

ಯುರೋಪಿನ ಕಾರುಗಳೂ ಇದನ್ನೇ ಹೇಳುತ್ತವೆ

ಇದು ಅಮೆರಿಕದವರ ರೋಗ ಮಾತ್ರ ಎನ್ನುವವರಿಗೆ ಪೋರ್ಷೆ 911 ತೋರಿಸುತ್ತೇವೆ. 1971ರ ಮಾದರಿವರೆಗಿನ ಐದು ಗೇರಿನ 911ರಲ್ಲಿ ಮೊದಲ ಗೇರ್ ಎಡಕ್ಕೆ ಎಳೆದು ಹಿಂದಕ್ಕೆ. ಅದು 901 ಕುಟುಂಬದ ಪೆಟ್ಟಿಗೆ. 1972ರಿಂದ 915 ಎಂಬ ಪೆಟ್ಟಿಗೆ ಬಂತು, ಮೊದಲ ಗೇರ್ ಎಡಕ್ಕೆ ಮುಂದಕ್ಕೆ ಹೋಯಿತು. 1987ರಲ್ಲಿ ಜಿ50 ಬಂದಾಗ ರಿವರ್ಸ್ ಬಲಗಡೆ ಹಿಂದಿನಿಂದ ಎಡಗಡೆ ಮುಂದಕ್ಕೆ ಬಂತು, ಕ್ಲಚ್ ಹೈಡ್ರಾಲಿಕ್ ಆಯಿತು. ಕಾರಿನಲ್ಲಿ ಕೂತು ಲಿವರ್ ಹಿಡಿದವರಿಗೆ ಮೂರೂ ಕಾಲ ಕೈಗೇ ತಿಳಿಯುತ್ತವೆ. ಇನ್ನೊಂದು ಮಾತು: ಲಿವರ್ ಕಂಡ ಕೂಡಲೇ ಮ್ಯಾನುಯಲ್ ಎನ್ನಬೇಡಿ. 'ಸ್ಪೋರ್ಟೊಮ್ಯಾಟಿಕ್' ಎಂಬ 911ರಲ್ಲಿ ಲಿವರ್ ಇದೆ, ಕ್ಲಚ್ ಪೆಡಲ್ ಇಲ್ಲ. ಫೋಟೋದಲ್ಲಿ ಲಿವರ್ ತೋರಿಸಿ ಪೆಡಲ್ ತೋರಿಸದವರನ್ನು ಎರಡು ಸಲ ಕೇಳಿ.

ಇಂಗ್ಲೆಂಡಿನ ಕಾರುಗಳ ಗುಟ್ಟು ಮೊದಲ ಗೇರಿನಲ್ಲಿದೆ. ಜಾಗ್ವಾರ್ ಇ-ಟೈಪಿನ 3.8 ಲೀಟರ್ ಕಾರುಗಳಲ್ಲಿ ಮೊದಲ ಗೇರಿಗೆ ಸಿಂಕ್ರೊಮೆಷ್ ಇರಲಿಲ್ಲ, 1964ರಲ್ಲಿ 4.2 ಬಂದಾಗ ನಾಲ್ಕಕ್ಕೂ ಬಂತು. ಎಂಜಿಬಿಗೆ ಅದು ಬಂದದ್ದು 1967ರ ಕೊನೆಯಲ್ಲಿ, ಟ್ರಯಂಫ್ ಸ್ಪಿಟ್‌ಫೈರಿಗೆ 1970ರಲ್ಲಿ. ಕಾರು ನಿಧಾನವಾಗಿ ಉರುಳುವಾಗ ಮೊದಲ ಗೇರಿಗೆ ಹಾಕಿದರೆ ಹಳೆಯ ಪೆಟ್ಟಿಗೆ ಕಿರ್ ಎಂದು ಹಲ್ಲು ಕಡಿಯುತ್ತದೆ. ಹೊಸದು ತೆಪ್ಪಗೆ ಒಳಗೆ ಹೋಗುತ್ತದೆ. ಸಿಂಕ್ರೊ ಸವೆದ ಹೊಸ ಪೆಟ್ಟಿಗೆಯೂ ಕಿರುಗುಟ್ಟಬಹುದು, ಹಾಗಾಗಿ ಇದೊಂದರ ಮೇಲೆ ತೀರ್ಪು ಬೇಡ. ಕಿರುಗುಟ್ಟದೆ ಹೋದರೆ ಮಾತ್ರ ಅದು ಹಳೆಯ ಪೆಟ್ಟಿಗೆ ಅಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಸ್ಪಿಟ್‌ಫೈರ್ ನಮಗೆ ಅಷ್ಟು ದೂರದ್ದೂ ಅಲ್ಲ. ಅದು ನಿಂತದ್ದು ಟ್ರಯಂಫ್ ಹೆರಾಲ್ಡ್‌ನ ಅಡಿಪಾಯದ ಮೇಲೆ. ಅದೇ ಹೆರಾಲ್ಡನ್ನು ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಿಂದ ಇಲ್ಲಿ ತಯಾರಿಸಿತು. ಸಿಂಕ್ರೊ ಇಲ್ಲದ ಮೊದಲ ಗೇರಿಗೆ ಎರಡು ಸಲ ಕ್ಲಚ್ ತುಳಿದು ಸದ್ದಿಲ್ಲದೆ ಹಾಕುವ ವಿದ್ಯೆ ನಮ್ಮ ತಾಲೂಕು ಕೇಂದ್ರಗಳ ಹಳೆಯ ಮೆಕ್ಯಾನಿಕ್‌ಗಳ ಕಾಲಿನಲ್ಲಿದೆ. ಆ ವಿದ್ಯೆಗೆ ಸರ್ಟಿಫಿಕೇಟಿಲ್ಲ. ಅದಕ್ಕೇ ಅವರ ಮಾತನ್ನು ಯಾರೂ ಬರೆದುಕೊಳ್ಳುವುದಿಲ್ಲ.

'ಅದರಿಂದ ಯಾರಿಗೇನು ನಷ್ಟ?'

ಎದುರು ವಾದ ನಮಗೆ ಗೊತ್ತು. ಐವತ್ತು ವರ್ಷ ದುಡಿದ ಅಲ್ಯೂಮಿನಿಯಂ ಪೆಟ್ಟಿಗೆ ಬಿರುಕು ಬಿಡುತ್ತದೆ, ಶಾಫ್ಟ್ ಕೂರುವ ತೂತು ಸವೆದು ಮೊಟ್ಟೆಯಾಕಾರವಾಗುತ್ತದೆ. ಬೇರೆ ಪೆಟ್ಟಿಗೆ ಹಾಕಲೇಬೇಕು. ಕಾರು ಕಾರ್ಖಾನೆಯಿಂದ ಬಂದಂತೆ ಕಾಣಲಿ ಎಂದು ಹಳೆಯ ನಂಬರನ್ನೇ ಹೊಸದರ ಮೇಲೆ ಹೊಡೆಸಿದರೆ ತಪ್ಪೇನು, ಬಣ್ಣ ಬಳಿಯುವುದಿಲ್ಲವೇ, ಸೀಟು ಹೊಲಿಸುವುದಿಲ್ಲವೇ ಎಂದು ಕೇಳುತ್ತಾರೆ.

ಪೆಟ್ಟಿಗೆ ಬದಲಿಸುವುದು ತಪ್ಪಲ್ಲ. ರಿಪೇರಿಯಾಗಿ ಓಡುವ ಕಾರು ಗಾಜಿನ ಹಿಂದೆ ನಿಂತ ಕಾರಿಗಿಂತ ಮೇಲು ಎಂದೇ ನಾವು ನಂಬುತ್ತೇವೆ. ಆದರೆ ಬಣ್ಣ ತನ್ನ ಬಗ್ಗೆ ಏನನ್ನೂ ಹೇಳಿಕೊಳ್ಳುವುದಿಲ್ಲ. ನಂಬರ್ ಹೇಳಿಕೊಳ್ಳುತ್ತದೆ. 'ಇಂಥ ದಿನ, ಇಂಥ ಕಾರ್ಖಾನೆಯಲ್ಲಿ, ಇಂಥ ಕಾರಿಗೆಂದು ನನ್ನನ್ನು ಕೂಡಿಸಿದರು' ಎನ್ನುತ್ತದೆ. ಮನ್ಸಿಯ ಯಾರೋ ಒಬ್ಬ ಕೆಲಸಗಾರ ಪಾಳಿಯಲ್ಲಿ ನಿಂತು ಆ ಅಚ್ಚು ಹೊಡೆದ. ಊರಿನ ಎರಡೂ ಕಾರ್ಖಾನೆಗಳು ಈ ಶತಮಾನದ ಮೊದಲ ದಶಕದಲ್ಲಿ ಬಾಗಿಲು ಹಾಕಿದವು. ಪುಸ್ತಕದಲ್ಲಿ ಅವರ ಊರಿಗೇ ಹೆಸರು ಉಳಿಯಲಿಲ್ಲ, ಇನ್ನು ಕೆಲಸಗಾರರ ಹೆಸರೆಲ್ಲಿ? ಅವರ ಕೈಯಿಂದ ಉಳಿದ ಬರಹ ಆ ಏಳೆಂಟು ಅಕ್ಷರಗಳು. ಅದನ್ನು ಉಜ್ಜಿ ಹಾಕಿ ನಮಗೆ ಬೇಕಾದ್ದನ್ನು ಹೊಡೆಸುವುದು ಸತ್ತವರ ಹೆಬ್ಬೆಟ್ಟು ಒತ್ತಿಸಿದಂತೆ.

'ನಾನು ಮಾರುವಾಗ ಹೇಳಿಯೇ ಮಾರುತ್ತೇನೆ' ಎನ್ನುವವರೂ ಇದ್ದಾರೆ. ಹೇಳುತ್ತೀರಿ ಸ್ವಾಮಿ. ನಿಮ್ಮಿಂದ ಕೊಂಡವನು ಹೇಳುತ್ತಾನೆಯೇ? ಅವನ ಮಗ? ಮಾತು ಕಾರಿನ ಜೊತೆ ಹೋಗುವುದಿಲ್ಲ, ಅಚ್ಚು ಹೋಗುತ್ತದೆ. ಬದಲಿಸಿದ ಪೆಟ್ಟಿಗೆಯ ಮೇಲೆ ಬದಲಿಸಿದ ವರ್ಷವನ್ನೇ ಹೊಡೆಸಿ. ಅದೂ ಚರಿತ್ರೆಯೇ, ಸುಳ್ಳಿಲ್ಲದ ಚರಿತ್ರೆ.

ನಮ್ಮ ಬೇಡಿಕೆ

ಈ ಜಗಳ ನಮ್ಮ ಅಂಗಳಕ್ಕೂ ಬಂದಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2021ರಲ್ಲಿ ಐವತ್ತು ವರ್ಷ ದಾಟಿದ ವಾಹನಗಳಿಗೆ 'ವಿಂಟೇಜ್' ನೋಂದಣಿ ತಂದಿತು. ರಾಜ್ಯದ ಅಕ್ಷರಗಳ ಮುಂದೆ 'ವಿಎ' ಎಂದು ಬರುವ ನಂಬರ್ ಪ್ಲೇಟು, ಹೊಸ ನೋಂದಣಿಗೆ 20,000 ರೂಪಾಯಿ. ವಾಹನ ಮೂಲ ರೂಪದಲ್ಲಿರಬೇಕು; ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎಂಬುದು ಷರತ್ತು. ಆ ಪಟ್ಟಿಯಲ್ಲಿ ಗೇರ್‌ಬಾಕ್ಸಿನ ಹೆಸರಿಲ್ಲ. ಕಾರಿನ ಓಟದ ಗುಣವನ್ನೇ ಬದಲಿಸಬಲ್ಲ ಅಂಗ 'ಮೂಲ ರೂಪ'ದ ಲೆಕ್ಕಕ್ಕೆ ಹೆಸರು ಹಿಡಿದು ಬಂದಿಲ್ಲ. ಕೆಎ-ವಿಎ ಫಲಕಕ್ಕೆ ಅರ್ಜಿ ಹಾಕುವವರು ಪೆಟ್ಟಿಗೆ ಯಾವುದು, ಯಾವಾಗ ಬದಲಾಯಿತು ಎಂದು ತಾವಾಗಿಯೇ ದಾಖಲಿಸಲಿ. ಪರಿಶೀಲಿಸುವ ಅಧಿಕಾರಿಗಳು ಕಡತದ ಜೊತೆಗೆ ಒಬ್ಬ ಹಳೆಯ ಮೆಕ್ಯಾನಿಕ್‌ನನ್ನೂ ಕರೆದುಕೊಂಡು ಬರಲಿ. ಅವರಿಗೆ ಭತ್ಯೆ ಕೊಟ್ಟು, ಅವರ ಮಾತನ್ನು ಬರೆದುಕೊಳ್ಳಲಿ.

ಕೊಳ್ಳುವವರಿಗೆ ಒಂದು ಮಾತು. ಮುಚ್ಚಳದ ಬೋಲ್ಟು ಕಾಣುವ ಫೋಟೋ ಕೇಳಿ. ಸುತ್ತಿನ ಲೆಕ್ಕ ನಿಮ್ಮ ಎದುರಿಗೇ ಮಾಡಿಸಿ. ಮಾರುವವನು ಅದಕ್ಕೆ ಒಪ್ಪದಿದ್ದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತೆಂದೇ ತಿಳಿಯಿರಿ.

ಕೊನೆಯ ಮಾತು ನಮ್ಮವರಿಗೆ. ಹೇಳಿಕೆ ಬೇರೆ, ಸಂಗತಿ ಬೇರೆ ಎಂಬುದು ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠ. ಬರಗಾಲದ ವರದಿಗೆ ಹೋದರೆ ಕೆರೆ ನೋಡದೆ ಬರೆಯಬೇಡ ಎಂದರು, ಪಡಿತರದ ವರದಿಗೆ ಹೋದರೆ ತಕ್ಕಡಿ ನೋಡದೆ ಬರೆಯಬೇಡ ಎಂದರು. ಕಾರಿನ ಪುಟಕ್ಕೆ ಬಂದ ಕೂಡಲೇ ಆ ಪಾಠ ಯಾಕೆ ಕರಗುತ್ತದೆ? 'ಅಪರೂಪದ ರಾಕ್ ಕ್ರಷರ್ ಗೇರ್‌ಬಾಕ್ಸ್ ಹೊಂದಿರುವ ಅಸಲಿ ಕಾರು' ಎಂಬ ವಾಕ್ಯವನ್ನು ಮಾರುವವನ ಕರಪತ್ರದಿಂದ ಎತ್ತಿ ತಮ್ಮ ಹೆಸರಿನಡಿ ಅಚ್ಚು ಹಾಕಿಸುವ ವರದಿಗಾರರು, ಸುತ್ತಿಗೆ ಹಿಡಿದು ಅಚ್ಚು ಹೊಡೆಯುವವನ ಪಾಲುದಾರರು. ಅವನು ಲೋಹದ ಮೇಲೆ ಹೊಡೆಯುತ್ತಾನೆ, ಇವರು ಕಾಗದದ ಮೇಲೆ. ಮುಂದಿನ ಸಲ ಆ ವಾಕ್ಯ ಬರೆಯುವ ಮುನ್ನ ಒಂದು ಹಳೆಯ ಅಂಗಿ ಹಾಕಿಕೊಂಡು ಹೋಗಿ. ಸ್ಟ್ಯಾಂಡ್ ಗಟ್ಟಿಯಾಗಿದೆಯೇ ನೋಡಿ, ಕಾರಿನಡಿ ಮಲಗಿ, ಏಳೋ ಒಂಬತ್ತೋ ಎಣಿಸಿ. ಎಣಿಸಲಾಗದಿದ್ದರೆ 'ಮಾರುವವರ ಪ್ರಕಾರ' ಎಂಬ ಎರಡು ಪದಗಳನ್ನಾದರೂ ಸೇರಿಸಿ. ಅಷ್ಟಕ್ಕೆ ಜಾಗ ಯಾವ ಪುಟದಲ್ಲೂ ಇರುತ್ತದೆ.